ಅಂತರಗಂಗೆಯಲ್ಲಿ ಒಂದು ಕಿಂಡಿ

ಒಂದೇ ಮಗ್ಗುಲಾಗಿ ಬಹಳ ಹೊತ್ತು ಕುಳಿತರೆ ಕಾಲಿಗೆ ಜೋಮು ಹಿಡಿಯುತ್ತದೆ. ಎದ್ದು ನಿಂತರೆ ಕೆಳಗೆ ನೆಲವಿದೆಯೋ ಇಲ್ಲವೋ ತಿಳಿಯುವುದಿಲ್ಲ. ಚಿವುಟಿಕೊಂಡರೆ ಬೇರೆ ಯಾರದೋ ಕಾಲನ್ನು ಚಿವುಟಿದ ಹಾಗಿರುತ್ತದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಒಂದು ವರ್ಷ ನಾನು ಇಡಿಯಾಗಿ ಹಾಗೇ ಇದ್ದೆ. ಜ್ವರವೆಂದು ಮಲಗಿದವಳು ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಜ್ವರ ಮಿದುಳಿಗೆ ಏರಿತ್ತು ಎಂದರು. ಸುಡುಗಾಡಿನಿಂದ ಬಂದು ತಲೆಗೆ ನೀರು ಹಾಕಿಕೊಂಡಾಗ ಆ ನೀರು ಬಿಸಿಯಿತ್ತೋ ತಣ್ಣಗಿತ್ತೋ ನನಗೆ ಗೊತ್ತಾಗಲಿಲ್ಲ. ಅಳು ಬರಲಿಲ್ಲ. ಅಳು ಬರಲಿಲ್ಲವಲ್ಲ ಎಂಬ ನಾಚಿಕೆಯೂ ಬರಲಿಲ್ಲ.

ಸಮಾಧಾನ ಹೇಳಲು ಬಂದವರಿಗೆ ಇದು ದೊಡ್ಡ ತೊಂದರೆಯಾಯಿತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಬಾಡಿಗೆ ಮನೆಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬರುವಾಗಲೇ ಅವರು ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದರು. ನನ್ನ ಮುಖ ನೋಡಿ, ತಮ್ಮದನ್ನು ಏನು ಮಾಡಬೇಕೆಂದು ತಿಳಿಯದೆ ಚಹಾ ಕುಡಿದು ಹೋಗುತ್ತಿದ್ದರು. ಅತ್ತುಬಿಡು, ಹಗುರಾಗುತ್ತೀ ಎಂದು ಒಬ್ಬರು. ಎಷ್ಟು ಗಟ್ಟಿ ಮನುಷ್ಯ ಎಂದು ಇನ್ನೊಬ್ಬರು. ಅದೇ ಮನುಷ್ಯರು ಹೊರಗೆ ಹೋಗಿ, ಕಲ್ಲಿನಂಥವನು ಎಂದಿದ್ದನ್ನೂ ಕೇಳಿಸಿಕೊಂಡೆ. ಅಳುವನ್ನು ನಾನೇನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದೆನೆ, ಕೇಳಿದವರಿಗೆಲ್ಲ ತೆಗೆದು ತೋರಿಸಲು? ನಾನು ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆಯ ಥಾನನ್ನು ಪದರ ಪದರವಾಗಿ ಹಾಸಿ, ಮೇಲೆ ಗುರುತು ಹಾಕಿ, ಯಂತ್ರದಿಂದ ಒಂದೇ ಸಲ ಕತ್ತರಿಸುವುದು ನನ್ನ ಕೆಲಸ. ಅವಳ ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆಯೇ ಹೋಗಿ ಕತ್ತರಿಸಿದೆ. ಒಂದು ನೂಲೂ ಆಚೀಚೆ ಆಗಲಿಲ್ಲ.

ಆ ದಿನದ ಕಾರ್ಯದಲ್ಲಿ ಒಂದು ಎಡವಟ್ಟಾಗಿತ್ತು. ನಮ್ಮಲ್ಲಿ ದಿನ ಮಾಡುವಾಗ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಅಡಿಗೆ ಮಾಡಿ, ಬಾಳೆಯೆಲೆಯ ಮೇಲೆ ಎಡೆ ಬಡಿಸಿ, ಮಾಳಿಗೆಯ ಮೇಲಿಟ್ಟು ಕಾಗೆಗೆ ಕಾಯುತ್ತಾರೆ. ಕಾಗೆ ಮುಟ್ಟಿದರೆ ಹೋದವರು ಉಂಡರು ಎಂದು ಲೆಕ್ಕ. ಅವತ್ತು ಕೋಳಿ ಮಾಡಿದ್ದೆವು, ಮಾರ್ಕೆಟ್ಟಿನಿಂದ ತಂದ ಕಾಟ್ಲಾ ಮೀನು ಹುರಿದಿದ್ದೆವು. ಒಂದು ಕಾಗೆ ಬಂದು ಪ್ಯಾರಪೆಟ್ಟಿನ ಮೇಲೆ ಕುಳಿತು, ಕತ್ತು ವಾರೆ ಮಾಡಿ ನೋಡಿ, ಹಾರಿಹೋಯಿತು. ಮತ್ತೆ ಬರಲಿಲ್ಲ. ನಮ್ಮ ಓಣಿಯಲ್ಲಿ ಈಗ ಮರಗಳಿಲ್ಲ, ಮರವಿಲ್ಲದ ಕಡೆ ಕಾಗೆ ಯಾಕೆ ಬರುತ್ತದೆ ಎಂದು ನನಗನ್ನಿಸಿತು. ಬಿಸಿಲಿಗೆ ಎಲೆ ಬಾಡಿ ಸುರುಟಿಕೊಂಡ ಮೇಲೆ ಅದನ್ನು ಮಡಿಸಿ ಕಾಲುವೆಯ ನೀರಿಗೆ ಬಿಟ್ಟು ಬಂದೆವು.

ನನಗೆ ಅದು ತಟ್ಟಲಿಲ್ಲ. ಆಗ ಏನೂ ತಟ್ಟುತ್ತಿರಲಿಲ್ಲ. ಮಾಮನಿಗೆ ಮಾತ್ರ ಅದು ಎದೆಯಲ್ಲಿ ಕೂತುಬಿಟ್ಟಿತು.

ಮಾಮ ಎಂದರೆ ನನ್ನ ತಾಯಿಯ ತಮ್ಮ, ನನ್ನ ಹೆಂಡತಿಯ ತಂದೆ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು. ಆ ಸಲಿಗೆಯಿಂದ, ಮಾವನಾದ ಮೇಲೂ ಅವನನ್ನು ಬಹುವಚನದಲ್ಲಿ ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ. ಸಿರುಗುಪ್ಪದಲ್ಲಿ ಮಗ, ಸೊಸೆಯ ಜೊತೆ ಇದ್ದಾನೆ. ಒಂದು ಕಾಲದಲ್ಲಿ ಕಾಲುವೆಯ ನೀರಗಂಟಿಯಾಗಿದ್ದ. ಯಾವ ಹೊಲಕ್ಕೆ ಯಾವಾಗ ನೀರು ಬಿಡಬೇಕು ಎನ್ನುವುದಕ್ಕಿಂತ ಯಾವ ಹೊಂಡದಲ್ಲಿ ಯಾವ ಮೀನಿದೆ ಎನ್ನುವುದರ ಕಡೆಗೇ ಅವನ ಗಮನವಿತ್ತು ಎಂದು ನನ್ನ ತಾಯಿ ಬೈಯುತ್ತಿದ್ದಳು. ಅವನ ಮಗಳು ಚಿಕ್ಕವಳಿದ್ದಾಗ ಅಪ್ಪ ಕೊರಮೀನು ತರುವವರೆಗೂ ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲವಂತೆ. ಈ ಕಥೆ ನಮ್ಮ ಬಳಗದವರಿಗೆಲ್ಲ ಬಾಯಿಪಾಠ. ಅವಳಿಗೆ ಕೊರಮೀನು ಎಂದರೆ ಪ್ರಾಣ ಎಂಬುದು ನಮ್ಮಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂಬಷ್ಟು ಗಟ್ಟಿಯಾದ ಮಾತು.

ಮದುವೆಯಾದ ಮೇಲೂ ಅವನು ಬಿಡಲಿಲ್ಲ. ತಿಂಗಳಿಗೊಮ್ಮೆಯಾದರೂ ಸಿರುಗುಪ್ಪದಿಂದ ಬಸ್ಸಿನಲ್ಲಿ, ಒದ್ದೆ ಗೋಣಿಚೀಲದಲ್ಲಿ ಜೀವಂತ ಕೊರಮೀನು ಹೊತ್ತುಕೊಂಡು ಬರುತ್ತಿದ್ದ. ಕಂಡಕ್ಟರ್ ಜೊತೆ ಜಗಳ, ಪಕ್ಕದವರ ಗೊಣಗಾಟ, ಯಾವುದಕ್ಕೂ ಸೊಪ್ಪು ಹಾಕುತ್ತಿರಲಿಲ್ಲ. ಅವಳು ಹುಣಸೆಹುಳಿ ಹಿಂಡಿ ಕೆಂಪಗೆ ಸಾರು ಮಾಡುತ್ತಿದ್ದಳು. ನಾವಿಬ್ಬರೂ ಹೊರಗಿನ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತು ಉಣ್ಣುತ್ತಿದ್ದೆವು. ಅವಳು ನಿಂತು ಬಡಿಸುತ್ತಿದ್ದಳು. ಮಾಮ ಪ್ರತಿ ಸಲವೂ ಕೈ ತೊಳೆಯುವ ಮುಂಚೆ, ನಿನಗೆ ಇಟ್ಟುಕೊಂಡಿದ್ದೀಯಾ ಎಂದು ಕೇಳುತ್ತಿದ್ದ. ಇಟ್ಟುಕೊಂಡಿದ್ದೀನಪ್ಪಾ, ದೊಡ್ಡ ತುಂಡೇ ಇಟ್ಟುಕೊಂಡಿದ್ದೀನಿ ಎಂದು ಅವಳು ಅಡಿಗೆಮನೆಗೆ ಹೋಗುತ್ತಿದ್ದಳು. ನಾವು ಎಲೆಯಡಿಕೆ ಹಾಕಿಕೊಂಡು ಅಡ್ಡಾಗುತ್ತಿದ್ದೆವು.

ಆ ಕಾಗೆ ಹಾರಿಹೋದ ದಿನ ಮಾಮ ಮಾಳಿಗೆಯಿಂದ ಇಳಿದು ಬಂದವನು ಮೆಟ್ಟಿಲ ಮೇಲೆಯೇ ಕುಳಿತ.

"ನನ್ನ ಮಗಳು ಹಸಕೊಂಡು ಹೋದ್ಲು ಅಳಿಯಾ," ಎಂದ. "ಕೊರಮೀನಿದ್ದಿದ್ದಿಲ್ಲ, ಅದಕ ಮುಟ್ಲಿಲ್ಲ. ಆಕಿ ಉಣ್ಣೋತನ ನಾನೂ ಮೀನು ಮುಟ್ಟಂಗಿಲ್ಲ."

ಮಾರ್ಕೆಟ್ಟಿನಲ್ಲಿ ತೊಟ್ಟಿಯಲ್ಲಿಟ್ಟು ಮಾರುವ ಸಾಕಿದ ಕೊರಮೀನು ಸಿಗುತ್ತದಲ್ಲ, ವರ್ಷದ ದಿನಕ್ಕೆ ಅದನ್ನೇ ತಂದರಾಯಿತು ಎಂದೆ. ಅವನು ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತೆತ್ತಲಿಲ್ಲ. ಚೀಲದ ಮೇವು ತಿಂದು ಬೆಳೆದದ್ದೂ ಒಂದು ಮೀನೇನು ಎಂಬುದು ಅವನ ವಾದ. ಅವಳು ಅವನು ಹಿಡಿದ ಮೀನು ತಿಂದು ಬೆಳೆದವಳು. ವರ್ಷದ ಎಡೆಗೆ ಅವನ ಗಾಳಕ್ಕೆ ಬಿದ್ದ ಮೀನೇ ಬೇಕು. ಅವನ ಕೈ ನಡುಗುವುದರಿಂದ ದಾರ ಹಿಡಿಯುವವನು ಮಾತ್ರ ನಾನಾಗಬೇಕು.

ದೀಪಾವಳಿ ಕಳೆದ ಮೇಲೆ ಶುರು ಮಾಡಿದೆವು. ವರ್ಷದ ದಿನ ಬರುವುದು ಮಾಗಿಯಲ್ಲಿ. ಬಳ್ಳಾರಿಯವರಿಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ನಗುತ್ತಾರೆ. ಅವರು ಮಾಗಿಯ ಬೆಳಿಗ್ಗೆ ಕಾಲುವೆಯ ಬದುವಿನ ಮೇಲೆ ಕುಳಿತವರಲ್ಲ. ನನ್ನ ಮಗಳನ್ನು ಕೊಟ್ಟಿರುವುದು ಕುರುಗೋಡಿಗೆ. ಮಾಮ ಶನಿವಾರ ಸಿರುಗುಪ್ಪದಿಂದ ಬಸ್ಸಿನಲ್ಲಿ ಅವಳ ಮನೆಗೆ ಬರುವುದು, ನಾನು ಯೂನಿಟ್ಟಿನಿಂದ ಸ್ಕೂಟರಿನಲ್ಲಿ ನೇರ ಅಲ್ಲಿಗೆ ಹೋಗುವುದು, ಹೊತ್ತು ಮುಳುಗುವ ಮುಂಚೆ ಹೊಂಡಕ್ಕೆ ಹೋಗಿ ಕಿಂಡಿ ಕೊಯ್ದು ಬರುವುದು, ಐತವಾರ ಬೆಳಿಗ್ಗೆ ಹೋಗಿ ಕೂಡುವುದು, ಹೀಗೆ ಗೊತ್ತು ಮಾಡಿಕೊಂಡೆವು.

ಕಿಂಡಿ ಎಂದೆನಲ್ಲ, ಅದನ್ನು ಹೇಳಬೇಕು. ಕುರುಗೋಡಿನಾಚೆ ಕಾಲುವೆಯ ಬಸಿನೀರು ತಗ್ಗಿನಲ್ಲಿ ನಿಂತು ಒಂದು ಹೊಂಡವಾಗಿದೆ. ಊರವರು ಅದನ್ನು ಮರ್ಯಾದೆಗೆ ಕೆರೆ ಎನ್ನುತ್ತಾರೆ. ಈ ದಡದಿಂದ ಆ ದಡದವರೆಗೆ ಅಂತರಗಂಗೆ ಎಂಬ ತೇಲುಕಳೆ ದಟ್ಟವಾಗಿ ಹಬ್ಬಿ ನೀರೇ ಕಾಣುವುದಿಲ್ಲ. ಹಸಿರು ಜಮಖಾನ ಹಾಸಿದ ಹಾಗೆ. ನೆಲವೆಂದು ತಿಳಿದು ಕಾಲಿಟ್ಟ ಕರುವೊಂದನ್ನು ಹಗ್ಗ ಹಾಕಿ ಎಳೆದಿದ್ದರಂತೆ. ಕೊರಮೀನು ಇರುವುದು ಅದರ ಕೆಳಗಿನ ಕತ್ತಲಲ್ಲಿ. ಎಲ್ಲ ಮೀನಿನ ಹಾಗಲ್ಲ ಅದು. ನೀರೊಳಗಿನ ಉಸಿರು ಅದಕ್ಕೆ ಸಾಲದು, ಆಗಾಗ ಮೇಲೆ ಬಂದು ಬಾಯಿ ತೆರೆದು ಒಂದು ಗುಟುಕು ಗಾಳಿ ನುಂಗಿ ಹೋಗಬೇಕು. ಆದ್ದರಿಂದ ಹಿಂದಿನ ಸಂಜೆಯೇ ಕುಡುಗೋಲಿನಿಂದ ಅಂತರಗಂಗೆಯನ್ನು ಮೊರದಗಲ ಕೊಯ್ದು ತೆಗೆದು ಕಿಂಡಿ ಮಾಡಿ ಬಿಡಬೇಕು. ಉಸಿರಿಗೆ ಸುಲಭದ ಜಾಗ ಇದೆಯೆಂದು ಮೀನಿಗೆ ಬೆಳಗಾಗುವುದರೊಳಗೆ ಗೊತ್ತಾಗುತ್ತದೆ. ಬೆಳಿಗ್ಗೆ ಹೋಗಿ ಸದ್ದಿಲ್ಲದೆ ಕುಳಿತು ಆ ಕಿಂಡಿಯನ್ನು ನೋಡುತ್ತಿರಬೇಕು. ಹೆಜ್ಜೆ ಊರಿದರೆ ದಡ ಅದುರುತ್ತದೆ, ಕೆಮ್ಮಿದರೂ ಆಗದು.

ಉಳಿದವರು ಕೊರಮೀನಿಗೆ ಹಗ್ಗದಂಥ ದಾರ, ಬೆರಳು ದಪ್ಪದ ಗಾಳ, ಒಂದು ಕಪ್ಪೆ ಕಟ್ಟಿ ಎಸೆಯುತ್ತಾರೆ. ಹಿಡಿಯಿತೋ, ಬಾವಿಯಿಂದ ಕೊಡ ಸೇದಿದ ಹಾಗೆ ಎಳೆದು ದಡಕ್ಕೆ ಒಗೆಯುತ್ತಾರೆ. ಬೇಸಿಗೆಯಲ್ಲಿ ಅದು ನಡೆಯುತ್ತದೆ. ಮಾಗಿಯಲ್ಲಿ ಮೀನಿಗೂ ಮಂಪರು. ಮುದುಕರು ಬಸಿಯಲ್ಲಿ ಚಹಾ ಹೀರುವಂತೆ ಮೆಲ್ಲಗೆ ಬಾಯಿ ಹಚ್ಚುತ್ತದೆ, ಸ್ವಲ್ಪ ಭಾರ ತಾಕಿದರೂ ಉಗಿದು ಹೋಗುತ್ತದೆ. ಅದಕ್ಕೇ ಮಾಮನದು ಕೂದಲೆಳೆಯಂಥ ನೈಲಾನ್ ದಾರ, ಸಣ್ಣ ಗಾಳ, ಅದಕ್ಕೊಂದು ಮರಿಮೀನು, ಮೇಲೆ ಜೋಳದ ದಂಟಿನ ಬೆಂಡು. ಕೋಲೂ ಇಲ್ಲ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಕೈಯಲ್ಲೇ ಹಿಡಿಯಬೇಕು. ಮೀನು ಹಿಡಿದ ಮೇಲೆ ಎಳೆಯುವ ಹಾಗಿಲ್ಲ, ಎಳೆದರೆ ಹರಿಯುತ್ತದೆ. ಅದು ಹೋದಷ್ಟು ಬಿಡಬೇಕು, ನಿಂತಾಗ ಸುತ್ತಿಕೊಳ್ಳಬೇಕು, ಅಂತರಗಂಗೆಯ ಬೇರಿಗೆ ಸಿಕ್ಕಿಸಿಕೊಳ್ಳದ ಹಾಗೆ ಪಕ್ಕಕ್ಕೆ ತಿರುಗಿಸಬೇಕು. ಇಡೀ ದಿನ ಜೀನ್ಸಿನ ದಪ್ಪ ದಾರದ ನಡುವೆ ಬದುಕುವ ನನಗೆ ಆ ದಾರ ಕೈಯಲ್ಲಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿಕೊಳ್ಳಬೇಕಾಗುತ್ತಿತ್ತು.

ನಾನು ಹೋಗುತ್ತಿದ್ದದ್ದು ಮೀನಿನ ಆಸೆಗಲ್ಲ, ಎಡೆಯ ಮೇಲಿನ ನಂಬಿಕೆಗೂ ಅಲ್ಲ. ಆ ಕಿಂಡಿಯ ಮುಂದೆ ಕುಳಿತರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕುರುಗೋಡಿನ ಗುಡ್ಡದ ಬಂಡೆಗಳು ಮಂಜಿನಲ್ಲಿ ಮೆಲ್ಲಗೆ ತೋರುವುದು, ಹೊತ್ತೇರಿದ ಮೇಲೆ ದೂರದಲ್ಲಿ ಕುಡತಿನಿಯ ಚಿಮಣಿಗಳ ಹೊಗೆ ಕಾಣುವುದು, ಭತ್ತ ಕೊಯ್ದ ಗದ್ದೆಗಳಲ್ಲಿ ಕೊಕ್ಕರೆಗಳು ನಡೆದಾಡುವುದು. ಇವನ್ನೆಲ್ಲ ನೋಡುತ್ತಿದ್ದೆ ಅಷ್ಟೆ. ಚೆಂದ ಎಂದು ಅನ್ನಿಸುತ್ತಿರಲಿಲ್ಲ. ಪಕ್ಕದಲ್ಲಿ ಮಾಮ ಕಂಬಳಿ ಹೊದ್ದು ಕುಳಿತಿರುತ್ತಿದ್ದ. ಹೋದವಳ ಮಾತನ್ನು ನಾವು ಆಡುತ್ತಿರಲಿಲ್ಲ. ಅವನಿಗೆ ಸಮಾಧಾನ ಹೇಳಬೇಕಾದ ಅಳಿಯ ನಾನು, ನನಗೆ ಸಮಾಧಾನ ಹೇಳಬೇಕಾದ ಹಿರಿಯ ಅವನು. ಯಾರು ಮೊದಲು ಎಂದು ತೀರ್ಮಾನವಾಗದೆ ಇಬ್ಬರೂ ಬೆಂಡನ್ನೇ ನೋಡುತ್ತಿದ್ದೆವು.

ವಾರದ ಮೇಲೆ ವಾರ ಹೋಯಿತು. ಮೀನು ಬರುತ್ತಿತ್ತು. ಕಿಂಡಿಯಲ್ಲಿ ನೀರು ಉಬ್ಬಿದಂತಾಗಿ ಒಂದು ಕಪ್ಪು ಬಾಯಿ ತೆರೆದು, ಗುಳುಕ್ಕೆಂದು ಮುಚ್ಚಿ, ಮಾಯವಾಗುತ್ತಿತ್ತು. ಗಾಳವನ್ನು ಮೂಸಿಯೂ ನೋಡುತ್ತಿರಲಿಲ್ಲ. ಮನೆಗೆ ಬರಿಗೈಯಲ್ಲಿ ಹೋದರೆ ನನ್ನ ಮಗಳು ರೊಟ್ಟಿ ಬಡಿಯುತ್ತಲೇ ನಮ್ಮಿಬ್ಬರನ್ನೂ ಬೈಯುತ್ತಿದ್ದಳು. ಈ ವಯಸ್ಸಿನಲ್ಲಿ ಚಳಿಗೆ ಕುಳಿತು ತಾತ ಮಲಗಿಬಿಟ್ಟರೆ ಯಾರು ನೋಡಬೇಕು, ಮೀನಿಲ್ಲದಿದ್ದರೆ ಏನಾಗುತ್ತದೆ, ಅವ್ವನಿಗೆ ಬೇರೆ ಏನಾದರೂ ಇಟ್ಟರಾಯಿತು ಎನ್ನುತ್ತಿದ್ದಳು. ಬೇರೆ ಏನಾದರೂ ಎಂದಾಗಲೆಲ್ಲ ಮಾಮ ಕಿವಿ ಕೇಳಿಸದವನಂತೆ ಎದ್ದು ಹೋಗುತ್ತಿದ್ದ. ಆಕೆಯೂ ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಒಂದು ಐತವಾರ ಹಿಡಿಯಿತು. ಬೆಂಡು ಮುಳುಗಲಿಲ್ಲ, ಯಾರೋ ಬೆರಳಿನಿಂದ ಸರಿಸಿದಂತೆ ಒಂದು ಪಕ್ಕಕ್ಕೆ ಸರಿಯಿತು. ದಾರ ಬಿಡು ಎಂದು ಮಾಮ ಕೈ ಸನ್ನೆ ಮಾಡಿದ. ನಾನು ಬಿಡಬೇಕಿತ್ತು. ಯಂತ್ರಕ್ಕೆ ಬಟ್ಟೆ ಎಳೆದು ರೂಢಿಯಾದ ಕೈ, ಎಳೆದುಬಿಟ್ಟಿತು. ಆ ಕಡೆಯಿಂದ ಒಂದು ಭಾರ ತಿರುಗಿ ಅಂತರಗಂಗೆಯ ಕೆಳಗೆ ನುಗ್ಗಿತು. ದಾರ ಟಪ್ಪೆಂದು ಹರಿದು ಗಾಳಿಯಲ್ಲಿ ಹಗುರಾಗಿ ತೇಲಿತು.

"ಕುಂಬಾರಗ ವರ್ಸ, ದೊಣ್ಣಿಗೆ ನಿಮಿಷ," ಎಂದ ಮಾಮ. ಬೇರೆ ಗಾಳ ಕಟ್ಟಲು ತಡಕಾಡಿದವನು ತಲೆ ಎತ್ತಿ ನನ್ನ ಮುಖ ನೋಡಿದ. "ಬ್ಯಾಸರಾತೇನು?"

"ಇಲ್ಲ ಮಾಮ."

ಅವನು ಗಾಳದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ.

"ಮೀನು ಹೋದ್ರ ಹೋಗ್ಲಿ," ಎಂದ. "ಇನ್ನೊಂದು ಬರತೈತಿ. ನಿನಗ ಏನೂ ಅನಸಂಗಿಲ್ಲಲ್ಲ, ಅದು ನನಗ ಹೆದ್ರಿಕಿ. ಮಗಳನ್ನ ಕಳಕೊಂಡೀನಿ. ನೀ ನನ್ನ ಅಕ್ಕನ ಮಗ. ನಿನ್ನೂ ಕಳಕೊಳ್ಳಾಕ ನನ್ನ ಕೈಲಾಗಂಗಿಲ್ಲ."

ಇಂಥ ಮಾತಿಗೆ ಏನಾದರೂ ಆಗಬೇಕು. ಗಂಟಲು ಬಿಗಿಯಬೇಕು, ಕಣ್ಣಾದರೂ ಉರಿಯಬೇಕು. ನಾನು ಕಾದು ನೋಡಿದೆ. ಏನೂ ಆಗಲಿಲ್ಲ. ಹೊತ್ತೇರಿತು, ಹೋಗೋಣ ಮಾಮ ಎಂದೆ.

ವರ್ಷದ ದಿನ ಒಂದು ಸೋಮವಾರ ಬಂತು. ಅದರ ಹಿಂದಿನ ಐತವಾರವೇ ಕೊನೆಯ ಅವಕಾಶ. ಅವತ್ತು ಮಂಜು ಎಷ್ಟಿತ್ತೆಂದರೆ ಕಿಂಡಿಯನ್ನು ಹುಡುಕುವುದೇ ಕಷ್ಟವಾಯಿತು. ಬೆರಳುಗಳು ಮರಗಟ್ಟಿದ್ದವು. ಮಾಮ ನನ್ನ ಬಲಗೈಯನ್ನು ತನ್ನ ಕಂಬಳಿಯೊಳಗೆಳೆದು ಎರಡೂ ಅಂಗೈಗಳ ನಡುವೆ ಇಟ್ಟು ಉಜ್ಜಿದ. ಬೆಚ್ಚಗಾದ ಮೇಲೆ ದಾರವನ್ನು ಅವನೇ ನನ್ನ ಬೆರಳ ಮೇಲೆ ಹಾಯಿಸಿದ. ಅವತ್ತಾದರೂ ಮೀನು ಬರಲೆಂದು ಅವನು ಯಾವ ದೇವರಿಗೆ ಹರಕೆ ಹೊತ್ತಿದ್ದನೋ ಕೇಳಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು.

ಬಹಳ ಹೊತ್ತಿನ ಮೇಲೆ ಕಿಂಡಿಯ ನೀರು ಉಬ್ಬಿತು. ಬಾಯಿ ಬಂತು, ಗಾಳಿ ನುಂಗಿತು, ಹೋಯಿತು. ಆಮೇಲೆ ಬೆಂಡು ಸರಿಯಿತು. ಈ ಸಲ ನಾನು ಎಳೆಯಲಿಲ್ಲ. ದಾರ ಬೆರಳ ಮೇಲಿಂದ ಜಾರುತ್ತ ಹೋಯಿತು. ಮಾಮ ನನ್ನ ಮೊಣಕೈ ಹಿಡಿದುಕೊಂಡು, ಬಿಡು, ಬಿಡು, ಇನ್ನೂ ಬಿಡು ಎಂದು ಕಿವಿಯಲ್ಲಿ ಹೇಳುತ್ತಿದ್ದ. ನಿಂತಿತು. ಸುತ್ತಿಕೊಂಡೆ. ಮತ್ತೆ ಓಡಿತು, ಮತ್ತೆ ಬಿಟ್ಟೆ. ಹೀಗೆ ಎಷ್ಟು ಹೊತ್ತು ನಡೆಯಿತೋ, ಮಂಜು ಕರಗಿ ಗುಡ್ಡದ ನೆತ್ತಿ ಕಾಣುತ್ತಿತ್ತು. ಕೊನೆಗೆ ಅದು ತಾನಾಗಿಯೇ ದಣಿದು ಕಿಂಡಿಗೆ ಬಂದು ಮಗ್ಗುಲಾಯಿತು. ಮಾಮ ಕಂಬಳಿ ಬಿಸಾಕಿ ಮೊಳಕಾಲುದ್ದ ನೀರಿಗಿಳಿದು ಎರಡೂ ಕೈಯಲ್ಲಿ ಅದನ್ನು ಮಗುವನ್ನೆತ್ತಿದಂತೆ ಎತ್ತಿದ. ಮೊಳದುದ್ದದ ಕೊರಮೀನು. ಹಾವಿನಂಥ ತಲೆ, ಕರಿಯ ಬೆನ್ನು.

"ನಿನ್ನ ಹೇಣ್ತಿಗೆ ಸಾಲತೈತಲ್ಲ?" ಎಂದು ಕೇಳಿದ.

ಸಾಲುತ್ತದೆ ಎಂದೆ. ಮಾಮ ನಗುತ್ತಿದ್ದ. ಒಂದು ವರ್ಷದಲ್ಲಿ ಅವನು ನಕ್ಕದ್ದು ಅದೇ ಮೊದಲು.

ಮೀನನ್ನು ಮುಚ್ಚಳವಿರುವ ಕೊಡದಲ್ಲಿ ಸ್ವಲ್ಪ ನೀರು ಹಾಕಿಟ್ಟು ಬಳ್ಳಾರಿಗೆ ತಂದೆವು. ಮಾಮ ಸ್ಕೂಟರಿನ ಹಿಂದೆ ಕೂತು ಕೊಡವನ್ನು ಅಪ್ಪಿಕೊಂಡಿದ್ದ. ಹಂಪ್ ಬಂದಾಗಲೆಲ್ಲ ಒಳಗಿಂದ ಅದು ಬಡಿಯುವುದು ನನ್ನ ಬೆನ್ನಿಗೆ ತಾಕುತ್ತಿತ್ತು. ಮಗಳು, ಅಳಿಯ ಸಂಜೆಯ ಬಸ್ಸಿಗೆ ಬಂದರು.

ಮಾರನೆಯ ದಿನ ಅಡಿಗೆ ಮಾಡಿದವಳು ಮಗಳೇ. ತಾಯಿ ಮಾಡುತ್ತಿದ್ದ ಹಾಗೆಯೇ, ಹುಣಸೆಹುಳಿ ಹಿಂಡಿ, ಕೆಂಪಗೆ. ವಾಸನೆ ಓಣಿಯ ತುದಿಯವರೆಗೂ ಹೋಯಿತು. ಎಲೆ ಹಾಸಿ ಅನ್ನ, ರೊಟ್ಟಿ, ಹೋಳಿಗೆ ಬಡಿಸಿ, ನಟ್ಟನಡುವೆ ಮೀನಿನ ದೊಡ್ಡ ತುಂಡು ಇಟ್ಟಳು. ಎಲೆಯ ಮೂಲೆಗೆ ಒಂದು ಚೂರು ಪುಂಡಿಪಲ್ಯ, ಒಂದು ಹೋಳು ಹಸಿ ಉಳ್ಳಾಗಡ್ಡಿಯನ್ನೂ ಇಟ್ಟಿದ್ದಳು. ಎಲೆ ತುಂಬಿ ಕಾಣಲೆಂದು ಇಟ್ಟಿರಬೇಕು ಅಂದುಕೊಂಡೆ. ಮಾಳಿಗೆಯ ಮೇಲೆ ಇಟ್ಟು ನಾವು ಮೆಟ್ಟಿಲ ಬಾಗಿಲಲ್ಲಿ ನಿಂತೆವು. ಮಾಮ ಕೈ ಮುಗಿದುಕೊಂಡು ನಿಂತಿದ್ದ.

ಕಾಯುವುದೇ ಬೇಕಾಗಲಿಲ್ಲ. ಎಲ್ಲಿತ್ತೋ ಒಂದು ಕಾಗೆ, ನೇರ ಎಲೆಯ ಮೇಲೆಯೇ ಇಳಿದು ಮೀನಿನ ತುಂಡನ್ನು ಕಚ್ಚಿ ಎತ್ತಿಕೊಂಡು ಪ್ಯಾರಪೆಟ್ಟಿಗೆ ಹಾರಿತು. ಅಷ್ಟರಲ್ಲಿ ಇನ್ನೊಂದು ಬಂತು. ಮಾಮ ಅಲ್ಲೇ ಕುಸಿದು ಕುಳಿತು ಗಟ್ಟಿಯಾಗಿ ಅತ್ತ. ತಿಂದಳು, ನನ್ನ ಮಗಳು ತಿಂದಳು ಎಂದು ಹೇಳಿ ಹೇಳಿ ಅತ್ತ. ಮೊಮ್ಮಗಳು ಅವನ ಬೆನ್ನು ಸವರುತ್ತಿದ್ದಳು. ನನಗೆ ಒಂದು ಕೆಲಸ ಮುಗಿಯಿತು ಎನ್ನಿಸಿತು. ಕಟಿಂಗ್ ಟೇಬಲ್ಲು ಖಾಲಿಯಾದಾಗ ಅನ್ನಿಸುವಷ್ಟೇ.

ಮಾಮ ಕೆಳಗೆ ಬಂದು ಒಂದು ವರ್ಷದ ಮೇಲೆ ಮೀನು ಉಂಡ. ಎರಡು ಸಲ ಸಾರು ಹಾಕಿಸಿಕೊಂಡ, ಮುಳ್ಳು ಚೀಪಿದ. ನಾನು, ನನ್ನ ಅಳಿಯ ಅವನ ಜೊತೆಗೇ ಉಂಡೆವು. ಅಳಿಯ ಎಲೆಯಡಿಕೆ ತರಲು ಹೊರಗೆ ಹೋದ. ಮಾಮ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ. ಹೆಂಡತಿ ಇದ್ದಾಗ ನಾನು ಉಂಡ ತಟ್ಟೆಯನ್ನು ಎತ್ತಿದವನಲ್ಲ. ಈ ಒಂದು ವರ್ಷದಲ್ಲಿ ರೂಢಿಯಾಗಿತ್ತು. ತಟ್ಟೆ ತೊಳೆಯಲು ಅಡಿಗೆಮನೆಗೆ ಹೋದೆ.

ಮಗಳು ಅಲ್ಲಿ ಅಕ್ಕಿಯ ಡಬ್ಬಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದಳು. ತಟ್ಟೆಯಲ್ಲಿ ಕಟಕರೊಟ್ಟಿಯನ್ನು ಮುರಿದು ಹಾಕಿಕೊಂಡು ಅದರ ಮೇಲೆ ಪುಂಡಿಪಲ್ಯ ಹಾಕಿಕೊಂಡಿದ್ದಳು. ಮೀನಿರಲಿಲ್ಲ. ಮೀನು ಮುಗಿದುಹೋಯಿತೇ, ನಾವೇ ತಿಂದುಬಿಟ್ಟೆವೇ ಎಂದು ಕೇಳಿದೆ. ಇದೆ, ಸಂಜೆ ತಿನ್ನುತ್ತೇನೆ, ಇವತ್ತು ಅವ್ವ ಉಣ್ಣುತ್ತಿದ್ದ ಹಾಗೆ ಉಣ್ಣಬೇಕು ಅನ್ನಿಸಿತು ಎಂದಳು.

"ಅವ್ವ ಉಂಬಂಗ ಅಂದ್ರ?" ಎಂದೆ.

ಅವಳು ಹೊರಕೋಣೆಯ ಕಡೆ ನೋಡಿದಳು. ತಾತನ ಗೊರಕೆ ಕೇಳುತ್ತಿತ್ತು.

"ಅವ್ವ ಮೀನು ತಿಂತಿದ್ದಿಲ್ಲಪ್ಪ," ಎಂದಳು. "ತಾತಗ ಹೇಳಬ್ಯಾಡ."

ಅವಳು ತಲೆ ತಗ್ಗಿಸಿಕೊಂಡು, ಒಂದೊಂದೇ ಮಾತಾಗಿ ಹೇಳಿದಳು. ತಾನು ಹೊಟ್ಟೆಯಲ್ಲಿದ್ದಾಗ ತಾತ ಬಯಕೆಗೆಂದು ವಾರವಾರವೂ ಕೊರಮೀನು ತರುತ್ತಿದ್ದನಂತೆ. ವಾಸನೆಗೇ ಅವ್ವನಿಗೆ ವಾಂತಿ. ಅದು ಬಸುರಿಯ ವಾಂತಿ ಎಂದು ಎಲ್ಲರೂ ಅಂದುಕೊಂಡರು. ಹೆರಿಗೆಯಾದ ಮೇಲೂ ಅದು ಹೋಗಲಿಲ್ಲ. ಆಮೇಲೆ ಅವ್ವ ಮೀನನ್ನು ಬಾಯಿಗೆ ಹಾಕಲೇ ಇಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು ಅಡಿಗೆ ಮಾಡುತ್ತಿದ್ದಳು. ಇಟ್ಟುಕೊಂಡಿದ್ದೇನೆ ಎಂದ ದೊಡ್ಡ ತುಂಡು ಮಗಳ ತಟ್ಟೆಗೆ ಬೀಳುತ್ತಿತ್ತು. ತಾತ ಸಿರುಗುಪ್ಪದಿಂದ ಬಸ್ಸಿನಲ್ಲಿ ಬೈಸಿಕೊಂಡು ಹೊತ್ತು ತರುತ್ತಾನೆ, ಅವನಿಗೆ ಹೇಗೆ ಹೇಳಲಿ ಎನ್ನುತ್ತಿದ್ದಳಂತೆ.

ಈ ಎರಡು ತಿಂಗಳು ನಾವು ಚಳಿಯಲ್ಲಿ ಕುಳಿತದ್ದನ್ನು ನೋಡಿಯೂ ನೀನೇಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು. ಮೊದಲು ಬಂದದ್ದು ಸಿಟ್ಟು.

"ತಾತ ಅದೊಂದ ಆಸಿಮ್ಯಾಲ ಜೀವ ಹಿಡಕೊಂಡಿದ್ದ," ಎಂದಳು. "ನೀನೂ ಐತವಾರಕ್ಕೊಮ್ಮ ಮನಿಬಿಟ್ಟು ಹೊರಗ ಬರ್ತಿದ್ದಿ. ಹೇಳಿದ್ರ ಇಬ್ರೂ ಎಲ್ಲಿಗೆ ಹೋಗ್ತಿದ್ರಿ?"

ಅದಕ್ಕೇ ಎಲೆಯ ಮೂಲೆಗೆ ಪುಂಡಿಪಲ್ಯ ಇಟ್ಟಿದ್ದಳು. ಅದನ್ನು ಕಾಗೆ ಮುಟ್ಟಿತೇ ಎಂದು ನನ್ನನ್ನೇ ಕೇಳಿದಳು. ನನಗೆ ಗೊತ್ತಿರಲಿಲ್ಲ. ನಾವ್ಯಾರೂ ನೋಡಿರಲಿಲ್ಲ. ಎಲ್ಲರ ಕಣ್ಣೂ ಮೀನಿನ ಮೇಲಿತ್ತು.

ಹೆಣ್ಣಿನ ಮನಸ್ಸು ಮೀನಿನ ಹೆಜ್ಜೆ, ಕಂಡವರಿಲ್ಲ ಎನ್ನುತ್ತಾರೆ. ಆ ಗಾದೆ ಕಟ್ಟಿದವನು ಗಂಡಸೇ ಇರಬೇಕು, ಅವನೂ ನಮ್ಮ ಹಾಗೆ ಹೊರಗಿನ ಕೋಣೆಯಲ್ಲಿ ಉಂಡು ಎಲೆಯಡಿಕೆ ಹಾಕಿಕೊಂಡು ಮಲಗಿದವನೇ ಇರಬೇಕು. ಇದರಲ್ಲಿ ಕಾಣದ್ದೇನಿತ್ತು? ಹೊರಕೋಣೆಯಿಂದ ಅಡಿಗೆಮನೆಗೆ ಒಂದು ಬಾಗಿಲು. ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದೇ ಸೂರಿನಡಿ ಇದ್ದೆವು. ಅವಳು ಮಾಡಿ ಹಾಕಿದ್ದನ್ನು ದಿನಾ ಉಂಡೆ. ಅವಳು ಉಣ್ಣುವುದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ನೆನಪಿಗೆ ತಂದುಕೊಳ್ಳಲು ನೋಡಿದೆ. ಬಡಿಸುವ ಕೈ ನೆನಪಿತ್ತು, ಬಳೆ ನೆನಪಿತ್ತು, ನೀರು ತುಂಬಿದ ಚಂಬು ನೆನಪಿತ್ತು. ತುತ್ತು ಬಾಯಿಗಿಡುವ ಅವಳ ಮುಖ ನನ್ನಲ್ಲಿ ಇರಲೇ ಇಲ್ಲ. ಒಂದು ಮೀನು ಉಸಿರಾಡಲು ಬರುವುದನ್ನು ತಾಸುಗಟ್ಟಲೆ ರೆಪ್ಪೆ ಬಡಿಯದೆ ಕಾದವನು ನಾನು.

ಜೋಮು ಬಿಡುವಾಗ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹಿಡಿದಾಗ ನೋವಿರುವುದಿಲ್ಲ, ಬಿಡುವಾಗ ಇರುತ್ತದೆ. ತಟ್ಟೆ ಕೈಯಿಂದ ಜಾರಿತು. ಆ ಸದ್ದಿಗೆ ಹೊರಗೆ ಗೊರಕೆ ನಿಂತಿತು.

"ಅಳಿಯಾ," ಎಂದು ಮಾಮ ಕೂಗಿದ. "ತಿಂದ್ಲಲ್ಲ?"

ಮಗಳು ನನ್ನನ್ನೇ ನೋಡುತ್ತಿದ್ದಳು.

"ತಿಂದ್ಲು ಮಾಮ," ಎಂದೆ. "ಹೊಟ್ಟಿತುಂಬ ತಿಂದ್ಲು."

ದನಿ ಒಡೆದದ್ದನ್ನು ಅವನು ಕೇಳಿಸಿಕೊಂಡಿರಬೇಕು. ಅಳು, ಅತ್ತುಬಿಡು ಎಂದು ಅಲ್ಲಿಂದಲೇ ಮೆತ್ತಗೆ ಹೇಳಿದ. ಅವನಿಗೆ ಸಮಾಧಾನವಾಗಿತ್ತು, ಕಡೆಗೂ ಅಳಿಯನಿಗೆ ಏನೋ ಅನ್ನಿಸಿತು ಎಂದು. ನಾನು ಗೋಡೆ ಹಿಡಿದು ಕೆಳಗೆ ಕುಳಿತೆ, ಬಾಯಿಗೆ ಟವೆಲ್ ಒತ್ತಿಕೊಂಡೆ. ಬಹಳ ಹೊತ್ತು ಅದು ನಿಲ್ಲಲಿಲ್ಲ. ಮಗಳು ಎಂಜಲು ಕೈಯನ್ನು ಮೇಲೆತ್ತಿ ಹಿಡಿದು ಎಡಗೈಯಿಂದ ನನ್ನ ಮೊಳಕಾಲು ಮುಟ್ಟಿಕೊಂಡಿದ್ದಳು.

ಆಮೇಲೆ ಅವಳು ತಟ್ಟೆ ಸರಿಸಿ ಏಳಲು ಹೋದಳು. ಚಹಾ ಇಡುತ್ತೇನೆ ಎಂದಳು. ನಾನು ಬೇಡವೆಂದು ತಡೆದೆ.

"ಉಣ್ಣು," ಎಂದೆ. "ನಾ ಇಲ್ಲೇ ಕುಂತಿರ್ತೀನಿ."

ಅವಳು ರೊಟ್ಟಿಯ ಚೂರಿನಿಂದ ಪಲ್ಯ ಎತ್ತಿ, ಹಸಿ ಉಳ್ಳಾಗಡ್ಡಿಯ ಪದರವೊಂದನ್ನು ಬಿಡಿಸಿ ಜೊತೆಗಿಟ್ಟುಕೊಂಡು ಬಾಯಿಗೆ ಹಾಕಿಕೊಂಡಳು. ಹುಳಿಗೆ ಒಂದು ಕಣ್ಣು ಕಿರಿದಾಯಿತು. ಅವಳ ಅವ್ವನೂ ಹಾಗೆಯೇ ಮಾಡುತ್ತಿದ್ದಳೇ ಎಂದು ಕೇಳಿದೆ. ಹೂಂ ಎಂದು ತಲೆಯಾಡಿಸಿದಳು. ತಟ್ಟೆ ಖಾಲಿಯಾಗುವವರೆಗೂ ನಾನು ನೋಡುತ್ತ ಕುಳಿತಿದ್ದೆ.